ಮುಗ್ಗಟ್ಟು ಬಂದಾಗ ಕಾಲೇಜಿನವರು ಮೊದಲು ಕತ್ತರಿ ಹಾಕೋದು ಯಾವ ತಂಡಕ್ಕೆ?

ಎಡಿಸನ್_ಅಪ್ಪ:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಬರೀತಿದ್ದೀನಿ. ಮಗಳು ಹನ್ನೊಂದನೇ ಕ್ಲಾಸು, ಈಜುಗಾರ್ತಿ, 200 ಯಾರ್ಡ್ ಬಟರ್‌ಫ್ಲೈ ಅವಳದ್ದು. ಬೆಳಗಿನ ಐದಕ್ಕೆ ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಅವಳನ್ನ ಪೂಲಿಗೆ ಬಿಟ್ಟು ಬರೋದು ಆರು ವರ್ಷದಿಂದ ನನ್ನ ಡ್ಯೂಟಿ. ಈಗ ಎರಡು ಕಾಲೇಜಿನ ಕೋಚ್‌ಗಳು ಮಾತಾಡ್ತಿದ್ದಾರೆ. ಒಂದು ಫುಟ್‌ಬಾಲ್ (ಅಮೆರಿಕದ್ದು, ನಮ್ಮ ಕಾಲ್ಚೆಂಡಲ್ಲ) ಇರೋ ದೊಡ್ಡ ಸ್ಟೇಟ್ ಯೂನಿವರ್ಸಿಟಿ, ಇನ್ನೊಂದು ಸಣ್ಣ ಖಾಸಗಿ ಕಾಲೇಜು.

ನನ್ನ ಹೆದರಿಕೆ ಇಷ್ಟೇ. ನಮ್ಮ ಬೀದಿಯ ಹುಡುಗನೊಬ್ಬ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಹೋಗಿದ್ದ. 2020ರ ಬೇಸಿಗೆಯಲ್ಲಿ ಮನೆಗೆ ಬಂದಿದ್ದಾಗ ಒಂದು ಜೂಮ್ ಕಾಲ್. "ನಿಮ್ಮ ತಂಡ ಇನ್ನಿಲ್ಲ" ಅಂದ್ರಂತೆ. ಹನ್ನೆರಡು ನಿಮಿಷಕ್ಕೆ ಕಾಲ್ ಮುಗೀತು. ಮೇಲ್ಗಡೆ ರೂಮಿಂದ ಇಳಿದು ಬಂದು ಅವರಮ್ಮನ ಹತ್ರ "ಊಟಕ್ಕೆ ಏನಿದೆ" ಅಂತ ಕೇಳಿದ್ನಂತೆ, ಬೇರೇನೂ ಹೇಳಲಿಲ್ಲವಂತೆ. ಆಮೇಲೆ ಅವನು ರ್‍ಯಾಕೆಟ್ ಮುಟ್ಟಿದ್ದನ್ನ ನಾನಂತೂ ನೋಡಿಲ್ಲ.

ದುಡ್ಡಿನ ಪರಿಸ್ಥಿತಿ ಕೆಟ್ಟಾಗ ಯಾವ ಕಾಲೇಜು ಯಾವ ತಂಡ ತೆಗೆಯುತ್ತೆ ಅಂತ ಮೊದಲೇ ಅಂದಾಜು ಮಾಡೋಕೆ ಆಗುತ್ತಾ? ತಿಳಿದವರು ಹೇಳಿ.

ಸುಮ್ನೆ_ನೋಡ್ತಿದ್ದೆ:
ಫುಟ್‌ಬಾಲ್ ಬಿಟ್ಟು ಬಾಕಿ ಯಾವುದಾದ್ರೂ. ಚರ್ಚೆ ಮುಗೀತು, ಮನೆಗೆ ಹೋಗಿ.

ಲೆಕ್ಕದ_ಪುಸ್ತಕ:
ಅಷ್ಟು ಸುಲಭ ಇಲ್ಲ ಸ್ವಾಮಿ. 2009ರಲ್ಲಿ, ವಾಲ್‌ಸ್ಟ್ರೀಟ್ ಮಕಾಡೆ ಮಲಗಿದ ಮರುವರ್ಷ, ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ನವೆಂಬರಿನಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿತು. ಹತ್ತೇ ದಿನಕ್ಕೆ ಲಾಂಗ್ ಐಲೆಂಡಿನ ಹಾಫ್‌ಸ್ಟ್ರಾ ಕೂಡ ನಿಲ್ಲಿಸಿತು. ಹಾಫ್‌ಸ್ಟ್ರಾದವರು 1937ರಿಂದ ಆಡಿಕೊಂಡು ಬಂದಿದ್ದವರು. ವರ್ಷಕ್ಕೆ ಸುಮಾರು 45 ಲಕ್ಷ ಡಾಲರ್ ಉಳಿಯುತ್ತೆ, ಅದನ್ನ ಓದಿಗೆ ಹಾಕ್ತೀವಿ ಅಂದ್ರು.

ಇಬ್ಬರೂ ಸಿಎಎ ಅನ್ನೋ ಕಾನ್ಫರೆನ್ಸಿನವರು. ಫುಟ್‌ಬಾಲ್ ಬಿಟ್ಟ ಮೇಲೂ ಬಾಕಿ ಆಟಗಳಿಗೆ ಅದೇ ಕಾನ್ಫರೆನ್ಸಿನಲ್ಲಿ ಉಳಿದರು. ಅಲ್ಲಿ ಫುಟ್‌ಬಾಲ್ ಇಲ್ಲದಿದ್ರೂ ಸದಸ್ಯತ್ವಕ್ಕೆ ಕುತ್ತಿಲ್ಲ, ಅದಕ್ಕೇ ಬಿಟ್ಟರು. ಬಿಟ್ಟರೆ ಕಾನ್ಫರೆನ್ಸಿನಿಂದಲೇ ಹೊರಗೆ ಅನ್ನೋ ಹಾಗಿದ್ದಿದ್ರೆ ಹತ್ತು ಸಲ ಯೋಚಿಸ್ತಿದ್ರು. ಹಾಗಾಗಿ ನೀವು ಮೊದಲು ನೋಡಬೇಕಾದ್ದು ಆ ಕಾಲೇಜಿನ ಕಾನ್ಫರೆನ್ಸಿನ ನಿಯಮ. ಆಟ ಯಾವುದು ಅನ್ನೋದು ಆಮೇಲೆ.

ಜಯನಗರ_ನಾಲ್ಕನೇ_ಬ್ಲಾಕ್:
ಬೆಂಗಳೂರಿಂದ ಒಂದು ದಡ್ಡ ಪ್ರಶ್ನೆ. ಕಾನ್ಫರೆನ್ಸ್ ಅಂದ್ರೆ ಸಭೆ ಅಲ್ವಾ? ಅದರಲ್ಲಿ ಸದಸ್ಯತ್ವ ಯಾಕೆ ಅಷ್ಟು ಮುಖ್ಯ?

ಲೆಕ್ಕದ_ಪುಸ್ತಕ:
ದಡ್ಡ ಪ್ರಶ್ನೆ ಅಲ್ಲ. ಸಂತೆಯಲ್ಲಿ ಅಂಗಡಿ ಹಾಕೋ ಜಾಗ ಇದ್ದ ಹಾಗೆ ಅನ್ಕೊಳ್ಳಿ. ಹತ್ತು-ಹದಿನೆಂಟು ಕಾಲೇಜು ಸೇರಿ ಒಂದು ಗುಂಪು. ಟಿವಿಯವರು ಚೌಕಾಸಿ ಮಾಡೋದು ಗುಂಪಿನ ಜೊತೆ, ಒಂಟಿ ಕಾಲೇಜಿನ ಜೊತೆ ಅಲ್ಲ. ಬಂದ ದುಡ್ಡು ಹಂಚಿಕೆ ಆಗುತ್ತೆ. ಬಿಗ್ ಟೆನ್ ಅನ್ನೋ ಗುಂಪು 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಕರಾರು ಮಾಡಿಕೊಂಡಿತು. ಗುಡಿ ಮುಂದೆ ಅಂಗಡಿ ಇದ್ದವನಿಗೂ ಹಿಂದಿನ ಸಂದಿಯಲ್ಲಿ ಇದ್ದವನಿಗೂ ವ್ಯಾಪಾರ ಒಂದೇ ಆಗುತ್ತಾ?

ಮೇರಿಲ್ಯಾಂಡ್ ಯೂನಿವರ್ಸಿಟಿ ಕಥೆ ನೋಡಿ. 1953ರಲ್ಲಿ ಎಸಿಸಿ ಕಾನ್ಫರೆನ್ಸ್ ಕಟ್ಟಿದವರಲ್ಲಿ ಅವರೂ ಒಬ್ಬರು. ಒಳ್ಳೆ ಕಾಲದಲ್ಲಿ ಫುಟ್‌ಬಾಲ್ ಸ್ಟೇಡಿಯಂ ಹಿಗ್ಗಿಸಿದರು, ಟಿಕೆಟ್ ಖರ್ಚಾಗಲಿಲ್ಲ, ಲೆಕ್ಕ ಕೆಂಪಾಯ್ತು. 2012ರ ಜುಲೈನಲ್ಲಿ ಏಳು ತಂಡ ತೆಗೆದರು: ಗಂಡು ಮಕ್ಕಳ ಈಜು, ಹೆಣ್ಣು ಮಕ್ಕಳ ಈಜು, ಟೆನಿಸ್, ವಾಟರ್ ಪೋಲೊ ಹೀಗೆ. ಪಟ್ಟಿಯಲ್ಲಿದ್ದ ಎಂಟನೆಯದು, ಗಂಡಸರ ಔಟ್‌ಡೋರ್ ಟ್ರ್ಯಾಕ್, ಚಂದಾ ಎತ್ತಿ ಉಳಿದುಕೊಂಡಿತು. ಅದೇ ನವೆಂಬರಿನಲ್ಲಿ "ಎಸಿಸಿ ಬಿಟ್ಟು ಬಿಗ್ ಟೆನ್‌ಗೆ ಹೋಗ್ತೀವಿ" ಅಂತ ಘೋಷಣೆ. ಎಸಿಸಿ 5.2 ಕೋಟಿ ಡಾಲರ್ ದಂಡ ಕೇಳಿ ಕೋರ್ಟಿಗೆ ಹೋಯ್ತು, ಕೊನೆಗೆ 3.14 ಕೋಟಿಗೆ ರಾಜಿ. ಅರವತ್ತು ವರ್ಷದ ನಂಟು, ಡ್ಯೂಕ್ ಜೊತೆ ಬ್ಯಾಸ್ಕೆಟ್‌ಬಾಲ್ ಹಗೆತನ ಎಲ್ಲ ಬಿಟ್ಟು ಹೋಗಿದ್ದು ಸಾಲ ತೀರಿಸೋಕೆ. ತೆಗೆದ ಈಜು ತಂಡ ಮಾತ್ರ ವಾಪಸ್ ಬರಲಿಲ್ಲ.

ಎಡಿಸನ್_ಅಪ್ಪ:
ಕೊನೇ ಸಾಲು ಓದಿ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಧಾರವಾಡ_ಫೇಡೆ:
ನಾ ಇರೋದು ಅಲಬಾಮಾದ ಬರ್ಮಿಂಗ್‌ಹ್ಯಾಮ್ ಒಳಗ. ನಮ್ಮೂರಾಗಿನ ಎರಡು ಕಥಿ ಹೇಳ್ತೀನಿ ಕೇಳ್ರಿ. ಯುಎಬಿ ಅಂತ ಇಲ್ಲೊಂದು ಯೂನಿವರ್ಸಿಟಿ ಐತಿ. 2014ರ ಡಿಸೆಂಬರ್ 2ಕ್ಕ ಫುಟ್‌ಬಾಲ್ ಬಂದ್ ಅಂದುಬಿಟ್ರು, ಅದರ ಜೋಡಿ ಬೌಲಿಂಗ್ ಮತ್ತ ರೈಫಲ್ ತಂಡನೂ ಹೋದ್ವು. ಆ ವರ್ಷ ತಂಡ ಆರು ಗೆದ್ದು ಆರು ಸೋತಿತ್ತು. ಅವರಿಗೆ ಅದs ದೊಡ್ಡದು, ಹತ್ತು ವರ್ಷದಾಗ ಅಷ್ಟು ಗೆದ್ದಿದ್ದಿಲ್ಲ. ಹುಡುಗರು ಅಧ್ಯಕ್ಷರ ಎದುರಿಗೆ ನಿಂತು ಅಳಾಕ ಹತ್ತಿದ್ದು, ಬೈಯಾಕ ಹತ್ತಿದ್ದು ಎಲ್ಲಾ ವಿಡಿಯೋದಾಗ ಊರ ತುಂಬ ಹರಿದಾಡ್ತು.

ಇಲ್ಲೇ ನೋಡ್ರಿ ಲೆಕ್ಕದವರು ಹೇಳಿದ ಮಾತು ಬರೋದು. ಅವರು ಇದ್ದ 'ಕಾನ್ಫರೆನ್ಸ್ ಯುಎಸ್‌ಎ' ಅನ್ನೋ ಗುಂಪಿನ್ಯಾಗ ಸದಸ್ಯ ಆಗಿರಬೇಕಂದ್ರ ಫುಟ್‌ಬಾಲ್ ಬೇಕs ಬೇಕು. ಫುಟ್‌ಬಾಲ್ ಬಿಟ್ರ ಬ್ಯಾಸ್ಕೆಟ್‌ಬಾಲ್ ಸೈತ ಹೊಸ ಮನಿ ಹುಡುಕಬೇಕು. ಊರಿನ ಕಂಪನಿ ಮಂದಿ, ಹಳೇ ವಿದ್ಯಾರ್ಥಿಗಳು ರೊಕ್ಕ ಕೂಡಿಸಿದ್ರು. ಆರು ತಿಂಗಳದಾಗ "ವಾಪಸ್ ತರ್ತೀವಿ" ಅಂದ್ರು. ಕೋಚ್ ಬಿಲ್ ಕ್ಲಾರ್ಕ್ ಬಿಟ್ಟು ಹೋಗಲಿಲ್ಲ. ಎರಡು ಸೀಸನ್ ಒಂದು ಆಟನೂ ಇಲ್ಲದ ತಂಡಕ್ಕ ಪ್ರಾಕ್ಟೀಸ್ ಮಾಡಿಸಿದಾ! 2017ಕ್ಕ ಮೈದಾನಕ್ಕ ಇಳಿದು ಎಂಟು ಗೆದ್ರು, ಮರುವರ್ಷ ಕಾನ್ಫರೆನ್ಸ್ ಚಾಂಪಿಯನ್, 2023ಕ್ಕ ಅದಕ್ಕಿಂತ ಮ್ಯಾಲಿನ ಅಮೆರಿಕನ್ ಕಾನ್ಫರೆನ್ಸಿಗೆ ಹೋದ್ರು.

ಇನ್ನೊಂದು ಕಥಿ ಅದs ಊರಾಗಿನ ಸಣ್ಣ ಕಾಲೇಜಿಂದು, ಬರ್ಮಿಂಗ್‌ಹ್ಯಾಮ್-ಸದರ್ನ್. ರೊಕ್ಕ ಉಳಿಸಾಕಂತ 2006ರಾಗs ಕಾಲೇಜು ಆಟದ ಎಲ್ಲಾಕಿಂತ ಮ್ಯಾಲಿನ ಮಟ್ಟ ಡಿವಿಷನ್ 1 ಬಿಟ್ಟು, ಆಟಕ್ಕ ಸ್ಕಾಲರ್‌ಶಿಪ್ ಇಲ್ಲದ ಕೆಳಗಿನ ಮಟ್ಟ ಡಿವಿಷನ್ 3ಕ್ಕ ಇಳಿದಿದ್ರು. ಆದ್ರೂ ಸಾಲ ಬಿಡಲಿಲ್ಲ. ಸರಕಾರದ ಸಾಲ ಕೇಳಿದ್ರು, ಸಿಗಲಿಲ್ಲ. 2024ರ ಮೇ 31ಕ್ಕ ಕಾಲೇಜಿಗೆ ಬೀಗ. ಅವತ್ತs ಅವರ ಬೇಸ್‌ಬಾಲ್ ಹುಡುಗರು ಓಹಾಯೋದಾಗ ಡಿವಿಷನ್ 3ರ ವರ್ಲ್ಡ್ ಸೀರೀಸ್, ಅಂದ್ರ ರಾಷ್ಟ್ರೀಯ ಟೂರ್ನಿ, ಆಡಾಕ ಇಳಿದಿದ್ರು. ಅಂಗಿ ಮ್ಯಾಲೆ ಹೆಸರು ಐತಿ, ಊರಾಗ ಕಾಲೇಜಿಲ್ಲ. ಅವತ್ತು ಸೋತ್ರು. ಮರುದಿನ ಕಡೀ ಇನ್ನಿಂಗ್ಸಿನ್ಯಾಗ ಹೋಂ ರನ್ ಹೊಡೆದು ಗೆದ್ರು. ಅದರ ಮರುದಿನ ಸೋತು ಮನಿಗೆ. ನಾ ಟಿವಿ ಮುಂದ ಕುಂತು ನೋಡಿದೆ, ಬೇಸ್‌ಬಾಲಿನ ಒಂದು ರೂಲ್ಸೂ ತಿಳಿಯಂಗಿಲ್ಲ ನನಗ.

ಜಯನಗರ_ನಾಲ್ಕನೇ_ಬ್ಲಾಕ್:
ನಮ್ಮ ಬೆಂಗಳೂರಲ್ಲೂ ಐಟಿಐ, ಎಚ್‌ಎಎಲ್ ಫುಟ್‌ಬಾಲ್ ತಂಡ ಅಂದ್ರೆ ಒಂದು ಕಾಲಕ್ಕೆ ದೊಡ್ಡ ಹೆಸರು. ಫ್ಯಾಕ್ಟರಿ ದೆಸೆ ಇಳಿದ ಹಾಗೆ ತಂಡದ ದೆಸೆಯೂ ಇಳೀತು. ಅಲ್ಲೂ ಇದೇ ಕಥೆ ಅನ್ನಿ.

ಲೆಕ್ಕದ_ಪುಸ್ತಕ:
ಸ್ವಲ್ಪ ಬೇರೆ. ಅಲ್ಲಿ ಆಟಗಾರನಿಗೆ ನೌಕರಿ ಉಳೀತು, ಆಟ ಹೋಯ್ತು. ಇಲ್ಲಿ ಆಟಗಾರ ಫೀಸು ಕಟ್ಟೋ ವಿದ್ಯಾರ್ಥಿಯೂ ಹೌದು. ಅದಕ್ಕೇ ಕೆಲವು ಸಣ್ಣ ಕಾಲೇಜು ಮುಗ್ಗಟ್ಟಿನಲ್ಲಿ ಹೊಸ ತಂಡ ಶುರು ಮಾಡ್ತಾವೆ! ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲವಲ್ಲ, ಈಜೋಕೆ ಬಂದ ಮೂವತ್ತು ಮಕ್ಕಳು ಅಂದ್ರೆ ಫೀಸು ಕಟ್ಟೋ ಮೂವತ್ತು ಮನೆ. ಎಡಿಸನ್ ಅವರ ಸಣ್ಣ ಖಾಸಗಿ ಕಾಲೇಜು ಡಿವಿಷನ್ 3 ಆಗಿದ್ರೆ ತಂಡ ತೆಗೆಯೋದು ಅವರಿಗೇ ನಷ್ಟ. ಅಲ್ಲಿ ಹೆದರಬೇಕಾದ್ದು ಕಾಲೇಜೇ ಮುಚ್ಚೀತು ಅಂತ.

ಕುಡ್ಲದ_ಮೀನು:
ನಾನು 2010ರಲ್ಲಿ ಬರ್ಕ್ಲಿಯಲ್ಲಿ ಎಂಎಸ್ ಮಾಡ್ತಾ ಇದ್ದದ್ದು. ಆಗ ಕ್ಯಾಲಿಫೋರ್ನಿಯಾ ಸರ್ಕಾರದ ಹತ್ರ ಹಣ ಇಲ್ಲ, ನಮ್ಮ ಫೀಸು ಏರಿದ್ದೇ ಏರಿದ್ದು, ಕ್ಯಾಂಪಸ್ಸಲ್ಲಿ ದಿನಾ ಒಂದು ಧರಣಿ ಉಂಟು. ಪ್ರೊಫೆಸರ್‌ಗಳೇ ಎದ್ದು ಕೇಳಿದ್ರು, ಸಂಬಳ ಕಡಿತ ಮಾಡ್ತೀರಿ, ಆಟದ ಇಲಾಖೆಗೆ ಮಾತ್ರ ಯಾಕೆ ಕೋಟಿಗಟ್ಟಲೆ ಸುರೀತೀರಿ ಅಂತ. ಸೆಪ್ಟೆಂಬರಿನಲ್ಲಿ ಐದು ತಂಡಕ್ಕೆ ಕತ್ತರಿ: ಬೇಸ್‌ಬಾಲ್, ರಗ್ಬಿ, ಎರಡು ಜಿಮ್ನಾಸ್ಟಿಕ್ಸ್, ಹುಡುಗಿಯರ ಲಕ್ರಾಸ್. ಮತ್ತೆ ದಾನಿಗಳು ಎದ್ದು ನಿಂತರು. ಫೆಬ್ರವರಿಯಲ್ಲಿ ಮೂರು ಉಳಿದವು, ಏಪ್ರಿಲಿನಲ್ಲಿ ಬೇಸ್‌ಬಾಲೂ ಉಳಿಯಿತು. ಅದೇ ಜೂನಿನಲ್ಲಿ ಆ ಬೇಸ್‌ಬಾಲ್ ತಂಡ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸಿಗೆ ಹೋಯಿತು ಮಾರಾಯ್ರೇ, 1992ರ ನಂತರ ಮೊದಲ ಸಲ!

ಮಜಾ ಏನು ಗೊತ್ತುಂಟಾ? ಐದು ತಂಡ ತೆಗಿತೇವೆ ಅಂತ ಹೇಳಿದ ಅದೇ ಹೊತ್ತಿಗೆ ಫುಟ್‌ಬಾಲ್ ಸ್ಟೇಡಿಯಂಗೆ 32.1 ಕೋಟಿ ಡಾಲರಿನ ದುರಸ್ತಿ ಕೆಲಸ. ಆ ಸ್ಟೇಡಿಯಂ ಇರೋದು ಹೇವರ್ಡ್ ಬಿರುಕಿನ ಸೀದಾ ಮೇಲೆ. ಭೂಮಿ ಅಡಿಯ ಬಿರುಕು ಗೋಲ್‌ಪೋಸ್ಟಿನಿಂದ ಗೋಲ್‌ಪೋಸ್ಟಿಗೆ ಹಾದುಹೋಗ್ತದೆ, ಗೋಡೆಯ ಎರಡು ಬದಿ ಜರುಗಿ ಸಂದು ಬಿಟ್ಟದ್ದನ್ನು ನಾವು ಬೆರಳಿಟ್ಟು ನೋಡ್ತಿದ್ದೆವು. ಸೀಟುಗಳನ್ನು ದಶಕಗಳ ಲೆಕ್ಕದಲ್ಲಿ ಶ್ರೀಮಂತರಿಗೆ ಮಾರಿ ಸಾಲ ತೀರಿಸ್ತೇವೆ ಅಂತ ಯೋಜನೆ. ಆರ್ಥಿಕ ಕುಸಿತ ಬಂತು, ಅಂದುಕೊಂಡಷ್ಟು ಸೀಟು ಹೋಗಲಿಲ್ಲ. ಬಡ್ಡಿ ಇನ್ನೂ ಉಂಟು.

ಮುಂದೆ 2022ರ ಜೂನ್ 30. ಲಾಸ್ ಏಂಜಲಿಸಿನ ಎರಡು ಯೂನಿವರ್ಸಿಟಿ, ಯುಸಿಎಲ್‌ಎ ಮತ್ತು ಯುಎಸ್‌ಸಿ, ನಮ್ಮ ಪ್ಯಾಕ್-12 ಕಾನ್ಫರೆನ್ಸ್ ಬಿಟ್ಟು ಬಿಗ್ ಟೆನ್‌ಗೆ ಹೋಗ್ತೇವೆ ಅಂದವು. ಕೋವಿಡ್ ಸೇರಿ ಮೂರು ವರ್ಷದಲ್ಲಿ ಯುಸಿಎಲ್‌ಎ ಆಟದ ಇಲಾಖೆಗೆ 10 ಕೋಟಿ ಡಾಲರಿಗೂ ಮೇಲೆ ಕೊರತೆ. ಹೋಗದಿದ್ದರೆ ಸಣ್ಣ ಆಟಗಳನ್ನು ಉಳಿಸೋದು ಕಷ್ಟ ಅಂತ ಅವರ ವಾದ. ಮರುವರ್ಷ ಬಾಕಿಯವರಲ್ಲೂ ಹೆಚ್ಚಿನವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡಿಗೆ ಸಿಕ್ಕಿದ್ದು ಎಸಿಸಿ, ಅಂದ್ರೆ ಅಟ್ಲಾಂಟಿಕ್ ಕರಾವಳಿಯ ಕಾನ್ಫರೆನ್ಸ್. ಪೆಸಿಫಿಕ್ ಸಮುದ್ರ ಕಾಣುವ ಕಾಲೇಜು ಅಟ್ಲಾಂಟಿಕ್ ಕಾನ್ಫರೆನ್ಸಿನಲ್ಲಿ! ಅದೂ ಮೊದಲ ಏಳು ವರ್ಷ ಟಿವಿ ಹಣದಲ್ಲಿ ಶೇಕಡ 30 ಮಾತ್ರ ಪಾಲು. ಇಷ್ಟಕ್ಕೆ ಮುಗಿಯಲಿಲ್ಲ, ಯುಸಿಎಲ್‌ಎ ವರ್ಷಕ್ಕೆ ಒಂದು ಕೋಟಿ ಡಾಲರಿನಂತೆ ಮೂರು ವರ್ಷ ಬರ್ಕ್ಲಿಗೆ ಕೊಡಬೇಕು ಅಂತ ಎರಡೂ ಕಾಲೇಜಿನ ಮೇಲಿರುವ ಆಡಳಿತ ಮಂಡಳಿ ತೀರ್ಮಾನ ಮಾಡಿತು. ಮನೆ ಬಿಟ್ಟು ಹೋದ ಅಣ್ಣ ತಮ್ಮನಿಗೆ ಜೀವನಾಂಶ ಕೊಟ್ಟ ಹಾಗೆ.

ಸುಮ್ನೆ_ನೋಡ್ತಿದ್ದೆ:
ಮೊದಲ ಕಾಮೆಂಟ್ ತಮಾಷೆಗೆ ಹಾಕಿದ್ದು, ಈಗ ಗಂಭೀರವಾಗಿ ಒಂದು. ನಾನಿರೋದು ಷಿಕಾಗೋದ ಹೈಡ್ ಪಾರ್ಕ್. ಇಲ್ಲಿನ ಷಿಕಾಗೋ ಯೂನಿವರ್ಸಿಟಿ 1896ರಲ್ಲಿ ಬಿಗ್ ಟೆನ್ ಹುಟ್ಟಿಸಿದ ಏಳು ಕಾಲೇಜುಗಳಲ್ಲಿ ಒಂದು. ದೇಶದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ 1935ರಲ್ಲಿ ಶುರುವಾದಾಗ ಮೊದಲು ಗೆದ್ದ ಜೇ ಬರ್‌ವ್ಯಾಂಗರ್ ಇಲ್ಲಿಯವನೇ. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಮಿಷಿಗನ್ ಎದುರು 85-0 ಸೋಲು. ಆ ಡಿಸೆಂಬರಿನಲ್ಲಿ ಫುಟ್‌ಬಾಲ್ ರದ್ದು, 1946ರಲ್ಲಿ ಬಿಗ್ ಟೆನ್‌ನಿಂದಲೂ ಹೊರಗೆ.

ಆದರೆ ಇದನ್ನ 1930ರ ದಶಕದ ಮಹಾಕುಸಿತದ ಲೆಕ್ಕಕ್ಕೆ ಹಾಕಬೇಡಿ. ಅಧ್ಯಕ್ಷ ಹಚಿನ್ಸ್‌ಗೆ ಓದೋ ಜಾಗದಲ್ಲಿ ಫುಟ್‌ಬಾಲಿನ ಈ ಪರಿ ಆರ್ಭಟವೇ ಹಿಡಿಸುತ್ತಿರಲಿಲ್ಲ. ಮುಗ್ಗಟ್ಟು ಒಂದು ನೆಪ ಒದಗಿಸುತ್ತೆ ಅಷ್ಟೆ. ಯುಎಬಿ ಕಥೆಯನ್ನೇ ನೋಡಿ, 2014ರಲ್ಲಿ ಯಾವ ಕುಸಿತ ಇತ್ತು? ಮೊದಲಿಂದಲೂ ಮನಸ್ಸಿನಲ್ಲಿದ್ದ ಪಟ್ಟಿಗೆ ಸಹಿ ಹಾಕೋಕೆ ಒಂದು ದಿನ ಬೇಕು, ಅಷ್ಟೇ.

ಅಂದಹಾಗೆ ಖಾಲಿ ಬಿದ್ದ ಆ ಫುಟ್‌ಬಾಲ್ ಮೈದಾನ, ಸ್ಟ್ಯಾಗ್ ಫೀಲ್ಡಿನ ಗ್ಯಾಲರಿಯ ಅಡಿಯಲ್ಲೇ 1942ರ ಡಿಸೆಂಬರ್ 2ರಂದು ಪ್ರಪಂಚದ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆದದ್ದು. ಚರ್ಚೆಗೆ ಸಂಬಂಧ ಇಲ್ಲ, ದಿನಾ ಆ ದಾರಿಯಲ್ಲಿ ನಡೀತೀನಿ ಅಂತ ಹೇಳಿದೆ.

ಧಾರವಾಡ_ಫೇಡೆ:
ಒಂದು ಸಾಲಿನ ಮನಷಾ ಇಷ್ಟುದ್ದ ಬರದಾನ! ಮಳಿ ಬರತೈತಿ ಇವತ್ತು.

ಹಳೇ_ಈಜುಗಾರ್ತಿ:
ಎಡಿಸನ್ ಸರ್, ನಿಮ್ಮ ಪ್ರಶ್ನೆಗೆ ವಾಪಸ್ ಬರೋಣ. ನಾನು ಅಯೋವಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ, ಮಕ್ಕಳಿಗೆ ಈಜು ಕಲಿಸ್ತೀನಿ. 2020ರ ಮಾರ್ಚಿನಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಿ ರದ್ದಾಗಿ, ಕಾಲೇಜು ಆಟಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಕಾಲೇಜುಗಳಿಗೆ ಹಂಚೋ ದುಡ್ಡು 60 ಕೋಟಿಯಿಂದ 22.5 ಕೋಟಿ ಡಾಲರಿಗೆ ಇಳೀತು. ಆಗಸ್ಟಿನಲ್ಲಿ ಬಿಗ್ ಟೆನ್‌ನವರು ಫುಟ್‌ಬಾಲ್ ಮುಂದೂಡಿದರು. ಹತ್ತು ದಿನ ಕಳೀತೋ ಇಲ್ಲವೋ, ಅಯೋವಾ ಯೂನಿವರ್ಸಿಟಿ ನಾಲ್ಕು ತಂಡ ತೆಗೆದು ಹಾಕ್ತು: ಗಂಡು ಹೆಣ್ಣು ಎರಡೂ ಈಜು, ಗಂಡಸರ ಜಿಮ್ನಾಸ್ಟಿಕ್ಸ್, ಟೆನಿಸ್. ಬಟರ್‌ಫ್ಲೈ ಹೊಡೆತ ರೂಪ ತಳೆದ ಊರುಗಳಲ್ಲಿ ಇದೂ ಒಂದು, ಇಲ್ಲಿನ ಕೋಚ್ ಆರ್ಮ್‌ಬ್ರಸ್ಟರ್ 1930ರ ದಶಕದಲ್ಲಿ ತಿದ್ದಿ ತೀಡಿದ ಹೊಡೆತ. ನಿಮ್ಮ ಮಗಳು ಈಜೋದು ಅದೇ. ಒಲಿಂಪಿಕ್ ಅಳತೆಯ ಪೂಲಿಗೆ ಆಗಿನ್ನೂ ಹತ್ತು ವರ್ಷ ವಯಸ್ಸು.

ಅಕ್ಟೋಬರಿನಲ್ಲಿ ಫುಟ್‌ಬಾಲ್ ಮತ್ತೆ ಶುರುವಾಯ್ತು. ತೆಗೆದ ತಂಡಗಳನ್ನ ಮಾತ್ರ ಯಾರೂ ಕರೀಲಿಲ್ಲ. ನಾಲ್ಕು ಹುಡುಗಿಯರು ಕೋರ್ಟಿಗೆ ಹೋದರು. ಟೈಟಲ್ ನೈನ್ ಅಂತ 1972ರ ಕಾನೂನು ಇದೆ, ಹೆಣ್ಣು ಮಕ್ಕಳಿಗೆ ಆಟದಲ್ಲಿ ಸಮಾನ ಅವಕಾಶ ಕೊಡಬೇಕು. ಡಿಸೆಂಬರಿನಲ್ಲಿ ನ್ಯಾಯಾಧೀಶರು ತಡೆ ಕೊಟ್ಟರು, ಫೆಬ್ರವರಿಯಲ್ಲಿ ಹೆಣ್ಣು ಮಕ್ಕಳ ಈಜು ತಂಡ ವಾಪಸ್ ಬಂತು. ಜೊತೆಗೆ ಹೆಣ್ಣು ಮಕ್ಕಳ ಕುಸ್ತಿ ತಂಡ ಹೊಸದಾಗಿ ಕಟ್ಟಬೇಕಾಯ್ತು. ಗಂಡು ಹುಡುಗರ ಮೂರು ತಂಡ ಹೋಗಿದ್ದು ಹೋಗಿದ್ದೇ. ಫುಟ್‌ಬಾಲ್ ಒಂದೇ ನೂರು ಚಿಲ್ಲರೆ ಹುಡುಗರನ್ನ ನುಂಗುತ್ತೆ. ತಕ್ಕಡಿ ಸರಿ ಮಾಡೋಕೆ ಗಂಡು ಹುಡುಗರ ಕುಸ್ತಿ, ಟೆನಿಸ್, ಈಜು ಬಲಿ. ಹಾಗಾಗಿ ನಿಮ್ಮದು ಮಗಳು ಅನ್ನೋದು ಸ್ವಲ್ಪ ಧೈರ್ಯ. ನಿಮ್ಮ ಬೀದಿಯ ಹುಡುಗನ ಸ್ಥಿತಿ ಬೇರೆ.

ಈಗ ಕೆಲಸಕ್ಕೆ ಬರೋ ಮಾತು. ಕೋಚ್ ಹತ್ರ "ನಿಮ್ಮಲ್ಲಿ ಒಟ್ಟು ಎಷ್ಟು ತಂಡ ಇವೆ" ಅಂತ ಕೇಳಿ. ಡಿವಿಷನ್ 1ರಲ್ಲಿ ಇರಬೇಕು ಅಂದ್ರೆ ಕನಿಷ್ಠ 14 ತಂಡ ಬೇಕು, ದೊಡ್ಡ ಫುಟ್‌ಬಾಲ್ ಆಡೋರಿಗೆ 16. 2020ರ ಏಪ್ರಿಲಿನಲ್ಲಿ ಐದು ಕಾನ್ಫರೆನ್ಸಿನವರು ಸೇರಿ "ನಾಲ್ಕು ವರ್ಷ ಈ ಕನಿಷ್ಠ ಸಂಖ್ಯೆ ಸಡಿಲ ಮಾಡಿ" ಅಂತ ಎನ್‌ಸಿಎಎಗೆ ಕಾಗದ ಬರೆದಿದ್ರು. ಈಜು, ಕುಸ್ತಿ ಕೋಚ್‌ಗಳೆಲ್ಲ ಒಟ್ಟಾಗಿ ವಿರೋಧ ಮಾಡಿದರು. ಸಾರಾಸಗಟು ವಿನಾಯಿತಿ ಸಿಗಲಿಲ್ಲ. ಹದಿನಾರೇ ಇರೋ ಕಡೆ ಒಂದು ತಂಡ ತೆಗೆದರೆ ಇನ್ನೊಂದು ಸೇರಿಸಲೇಬೇಕು. ಜಾಸ್ತಿ ಇರೋ ಕಡೆಯೇ ಕತ್ತರಿಗೆ ಜಾಗ. ಸ್ಟ್ಯಾನ್‌ಫರ್ಡಲ್ಲಿ 36 ಇದ್ದವು, ಅದಕ್ಕೇ 2020ರಲ್ಲಿ ಹನ್ನೊಂದು ತೆಗೀತೀವಿ ಅನ್ನೋಕೆ ಸಾಧ್ಯವಾಯ್ತು. ಮರುವರ್ಷ ಅಲ್ಲಿನ ಕುಸ್ತಿ ಹುಡುಗ ಕಾಲೇಜಿನ ಹೆಸರೇ ಇಲ್ಲದ ಕಪ್ಪು ಉಡುಪು ಹಾಕಿಕೊಂಡು ರಾಷ್ಟ್ರೀಯ ಚಾಂಪಿಯನ್ ಆದ. ಮೇ ತಿಂಗಳಲ್ಲಿ ಹನ್ನೊಂದನ್ನೂ ಉಳಿಸಿಕೊಂಡರು.

ಎಡಿಸನ್_ಅಪ್ಪ:
ಅಂದ್ರೆ ತಂಡ ಜಾಸ್ತಿ ಇದ್ರೆ ಅಪಾಯ ಜಾಸ್ತಿ? ನಾನು ಉಲ್ಟಾ ಅಂದುಕೊಂಡಿದ್ದೆ. ಆಟಕ್ಕೆ ಪ್ರೋತ್ಸಾಹ ಕೊಡೋ ಕಾಲೇಜು ಅಂತ ಖುಷಿಯಾಗಿದ್ದೆ.

ಲೆಕ್ಕದ_ಪುಸ್ತಕ:
ಪ್ರೋತ್ಸಾಹ ಇದ್ದೇ ಇರುತ್ತೆ, ದುಡ್ಡಿರೋವರೆಗೆ. ಈಗಿನ ಇಕ್ಕಟ್ಟು ಬೇರೆ ಥರದ್ದು, ಅದನ್ನೂ ಸೇರಿಸಿಕೊಳ್ಳಿ. 2025ರ ಜೂನಿನಲ್ಲಿ ಕೋರ್ಟು ಒಪ್ಪಿದ, 'ಹೌಸ್' ಅನ್ನೋ ಕೇಸಿನ ರಾಜಿ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಕಾಲೇಜೊಂದಕ್ಕೆ 2.05 ಕೋಟಿ ಡಾಲರ್. ಹೆಚ್ಚು ಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲಿಗೆ. ಅದು ಎಲ್ಲಿಂದಾದರೂ ಬರಬೇಕಲ್ಲ? ತೀರ್ಪಿಗೆ ಮೊದಲೇ, ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಯೂನಿವರ್ಸಿಟಿ ಈಜು ತಂಡ ನಿಲ್ಲಿಸಿತು. ಅದೇ ತಿಂಗಳು ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್, ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಆಡಿ ಒಂದು ವಾರಕ್ಕೆ, "ಡಿವಿಷನ್ 3ಕ್ಕೆ ಇಳೀತೀವಿ" ಅಂದಿತು.

ಕುಡ್ಲದ_ಮೀನು:
ಒಂದು ಸೇರಿಸ್ತೇನೆ. ತಂಡದ ಸ್ಕಾಲರ್‌ಶಿಪ್ಪಿಗೆ ಶಾಶ್ವತ ದತ್ತಿ ಉಂಟಾ ಕೇಳಿ. ಬರ್ಕ್ಲಿ ರಗ್ಬಿ ಮೊದಲೇ ಉಳಿದದ್ದು ಅವರ ಹಳಬರು ಗಟ್ಟಿ ಇದ್ದದ್ದಕ್ಕೆ. ಮತ್ತೆ ಪೂಲು ಯಾರದ್ದು, ಆಟದ ಇಲಾಖೆಯದ್ದಾ ಇಲ್ಲಾ ಇಡೀ ಕ್ಯಾಂಪಸ್ಸಿನದ್ದಾ? ರಿಪೇರಿಗೆ ಬಂದ ಹಳೇ ಪೂಲು ಇದ್ದರೆ ಎರಡು ಸಲ ಯೋಚನೆ ಮಾಡಿ.

ಎಡಿಸನ್_ಅಪ್ಪ:
ಎಲ್ಲರಿಗೂ ವಂದನೆ. ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ಕಾಲ್‌ನಲ್ಲಿ ನಾನು ಬಾಯಿ ಹಾಕಬಾರದು ಅಂತ ಮಗಳ ಕಟ್ಟಪ್ಪಣೆ, ಹಾಗಾಗಿ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಸಣ್ಣ ಕಾಲೇಜಿನ ಕೋಚಮ್ಮ ಸರಳವಾಗಿ ಹೇಳಿದರು: ಡಿವಿಷನ್ 3, ಆಟಕ್ಕೆ ದುಡ್ಡು ಕೊಡಲ್ಲ, ಪೂಲಿಗೆ ಹೋದ ವರ್ಷ ಹೊಸ ಫಿಲ್ಟರ್ ಹಾಕಿಸಿದ್ದೀವಿ.

ದೊಡ್ಡ ಯೂನಿವರ್ಸಿಟಿ ಕೋಚ್ ಹತ್ರ ಇವಳು ತಂಡಗಳ ಲೆಕ್ಕ ಕೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಈ ಪ್ರಶ್ನೆ ಯಾಕೆ" ಅಂದ್ರು. "ಅಪ್ಪನಿಗೆ ಬೇಕಂತೆ" ಅಂದ್ಲು, ಕಳ್ಳಿ. "ಇಪ್ಪತ್ತೊಂದು" ಅಂದ್ರು.

ಫೋನಿಟ್ಟು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನ ಮೂಲೆಯಲ್ಲಿ 21 ಬರೆದು ಕೆಳಗೆ 16 ಬರೆದಳು. ಗೆರೆ ಎಳೆದು 5 ಅಂತ ಬರೆದಿದ್ದಾಳೆ. ಆಮೇಲೆ ಆ ಕಾಲೇಜಿನ ತಂಡಗಳ ಪಟ್ಟಿ ತೆಗೆದು, ಒಂದೊಂದರ ಮುಂದೆ ಪೆನ್ಸಿಲ್ ಇಟ್ಟು, ಯಾವ ಐದು ಅಂತ ಹುಡುಕ್ತಾ ಕೂತಿದ್ದಾಳೆ. ಗಂಡಸರ ಟೆನಿಸ್‌ಗೆ ಆಗಲೇ ಗುರುತು ಹಾಕಿ ಆಗಿದೆ.